ಯಾವ ಆ್ಯನಿ ಮೂರ್?

1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ಹೊಸ ವಲಸೆ ಕೇಂದ್ರ ಬಾಗಿಲು ತೆರೆಯಿತು. ಮೊದಲು ಒಳಗೆ ಬಂದವಳು ಐರ್ಲೆಂಡಿನ ಕಾರ್ಕ್ ಕಡೆಯ ಹುಡುಗಿ ಆ್ಯನಿ ಮೂರ್. ಜೊತೆಗೆ ಇಬ್ಬರು ತಮ್ಮಂದಿರು. ಅಧಿಕಾರಿಗಳು ಅವಳ ಕೈಗೆ ಹತ್ತು ಡಾಲರಿನ ಚಿನ್ನದ ನಾಣ್ಯವಿಟ್ಟರು. ಅಂದೇ ಅವಳಿಗೆ ಹದಿನೈದು ತುಂಬಿತೆಂಬ ಕತೆ ಹರಡಿತು. ನಿಜಕ್ಕೂ ಅವಳಿಗೆ ಹದಿನೇಳು, ಹುಟ್ಟುಹಬ್ಬವೂ ಅಂದಿನದ್ದಲ್ಲ. ಸುದ್ದಿಗೆ ಒಗ್ಗರಣೆ ಹಾಕುವ ಚಾಳಿ ಆಗಲೂ ಇತ್ತು.

ಆಮೇಲೆ ಅವಳು ಏನಾದಳು? ಪಶ್ಚಿಮಕ್ಕೆ ಹೋದಳು, ಮದುವೆಯಾದಳು, 1923ರಲ್ಲಿ ಟೆಕ್ಸಸ್‌ನಲ್ಲಿ ಟ್ರಾಮ್ ಬಡಿದು ಸತ್ತಳು ಎಂದು ಅಲ್ಲಿನ ಒಂದು ಕುಟುಂಬ ಹೇಳುತ್ತಿತ್ತು. ಆ ವಂಶಸ್ಥರನ್ನು ಸಮಾರಂಭಗಳಿಗೆ ಕರೆದದ್ದೂ ಆಯಿತು. ವಂಶಾವಳಿ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ಕಡತ ಬಿಚ್ಚಿ ನೋಡಿದರೆ, ಟೆಕ್ಸಸ್‌ನ ಆ ಹೆಂಗಸು ಹುಟ್ಟಿದ್ದು ಅಮೆರಿಕದ ಇಲಿನಾಯ್‌ನಲ್ಲಿ! ಅವರು ಬಹುಮಾನ ಘೋಷಿಸಿ, ಇತರರ ನೆರವು ಪಡೆದು, ಆ್ಯನಿಯ ತಮ್ಮ ಫಿಲಿಪ್‌ನ ಪೌರತ್ವದ ದಾಖಲೆಯ ಎಳೆ ಹಿಡಿದು 2006ರಲ್ಲಿ ಅಸಲಿ ಆ್ಯನಿಯನ್ನು ಪತ್ತೆ ಮಾಡಿದರು. ಅವಳು ನ್ಯೂಯಾರ್ಕ್ ಬಿಟ್ಟು ಕದಲಿರಲೇ ಇಲ್ಲ. ಅಲ್ಲಿನ ಬಡವರ ಕೇರಿಯಲ್ಲೇ ಬಾಳಿ, ಹೆತ್ತ ಮಕ್ಕಳಲ್ಲಿ ಹಲವರನ್ನು ಎಳವೆಯಲ್ಲೇ ಕಳೆದುಕೊಂಡು, 1924ರಲ್ಲಿ ತೀರಿಕೊಂಡಿದ್ದಳು. ಗೋರಿಯ ಮೇಲೆ ಹೆಸರಿನ ಕಲ್ಲು ಕೂಡ ಇರಲಿಲ್ಲ, 2008ರಲ್ಲಿ ನೆಟ್ಟರು.

ಟೆಕ್ಸಸ್‌ನವರು ಸುಳ್ಳರೆಂದು ನನಗೆ ಅನಿಸುವುದಿಲ್ಲ. ಹೆಸರು ಒಂದೇ, ಕತೆ ಚೆಂದ, ಒಪ್ಪಿಕೊಂಡರು. ಐರಿಷ್ ಮೂಲದ ಮನೆಗಳಲ್ಲಿ ಇಂಥ ಮಾತುಗಳು ಬೇಕಾದಷ್ಟಿವೆ. ಎಲಿಸ್ ದ್ವೀಪದ ಗುಮಾಸ್ತ ನಮ್ಮ ಹೆಸರು ಕೆಡಿಸಿದ ಎನ್ನುತ್ತಾರೆ. ಆದರೆ ಪ್ರಯಾಣಿಕರ ಪಟ್ಟಿ ಬರೆದದ್ದು ಹಡಗು ಕಂಪನಿಯವರು, ಹೊರಟ ಕಡೆಯಲ್ಲೇ. ಅಜ್ಜ ಕಾರ್ಕ್‌ನವನು ಎನ್ನುತ್ತಾರೆ; ಅವನು ಹಡಗು ಹತ್ತಿದ ಕ್ವೀನ್ಸ್‌ಟೌನ್ ಬಂದರು ಮಾತ್ರ ಕಾರ್ಕ್‌ನದ್ದಾಗಿರಬಹುದು.

ಮಾತನ್ನು ಒರೆಗೆ ಹಚ್ಚೋಣವೆಂದರೆ ಐರ್ಲೆಂಡಿನಲ್ಲಿ ಕಡತಗಳೇ ಕಡಿಮೆ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಗೊಂಡು ಉರಿಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಹಾಳೆಗಳು ಬೂದಿಯಾದವು. ಪಾಪವನ್ನೆಲ್ಲ ಬೆಂಕಿಯ ತಲೆಗೆ ಕಟ್ಟುವಂತಿಲ್ಲ. 1861, 1871ರ ಗಣತಿ ಹಾಳೆಗಳನ್ನು ಸರ್ಕಾರವೇ ನಾಶಪಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲಕ್ಕೆ ರದ್ದಿಯಾಗಿ ಹೋದವು. ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡು, ಅಷ್ಟೇ ಮಂದಿಯನ್ನು ಕಡಲಾಚೆ ಅಟ್ಟಿದ 1845ರ ಮಹಾಕ್ಷಾಮದ ತಲೆಮಾರಿನ ಹೆಸರುಗಳು ಹೀಗೆ ಅಳಿಸಿಹೋದವು.

ಆದರೆ ಡಬ್ಲಿನ್‌ಗೆ ಹೋಗದೇ ಉಳಿದ ಕಾಗದ ಬದುಕಿಕೊಂಡಿತು. ಸರ್ಕಾರಿ ಮನ್ನಣೆಯಿದ್ದ ಪ್ರೊಟೆಸ್ಟಂಟ್ ಚರ್ಚಿನ ಎಷ್ಟೋ ನೋಂದಣಿ ಪುಸ್ತಕಗಳು ಕಚೇರಿಗೆ ಬಂದು ಸುಟ್ಟವು. ಬಡ ಕ್ಯಾಥೊಲಿಕರ ದೀಕ್ಷಾಸ್ನಾನ, ಮದುವೆಯ ಪುಸ್ತಕಗಳು ಪಾದ್ರಿಗಳ ಬಳಿಯೇ ಇದ್ದು ಉಳಿದವು. ಜಮೀನಿನ ತೆರಿಗೆಗಾಗಿ 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಮೌಲ್ಯಮಾಪನದಲ್ಲಿ ಗುಡಿಸಲು ಹಿಡಿದ ಗೇಣಿದಾರನ ಹೆಸರೂ ಇದೆ. ಇನ್ನೊಂದು ನನಗೆ ತುಂಬ ಹಿಡಿಸಿದ್ದು. 1909ರಲ್ಲಿ ಎಪ್ಪತ್ತು ದಾಟಿದವರಿಗೆ ಪಿಂಚಣಿ ಬಂತು. ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಮುದುಕರು ವಯಸ್ಸು ರುಜುವಾತು ಮಾಡುವುದೆಂತು? 1841, 1851ರ ಗಣತಿಯಲ್ಲಿ ನನ್ನ ಮನೆ ಹುಡುಕಿ ಎಂದು ಅರ್ಜಿ ಹಾಕಿದರು. ಗಣತಿ ಸುಟ್ಟಿತು, ಅರ್ಜಿಗಳು ಉಳಿದವು.

ಇವುಗಳಲ್ಲಿ ಹುಡುಕಲು ಊರಿನ ಹೆಸರು, ಅದರಲ್ಲೂ ಪ್ಯಾರಿಷ್ ಅಥವಾ ಹಳ್ಳಿಯ ಹೆಸರು ಬೇಕು. ಮನೆಮಾತು ನಿಜಕ್ಕೂ ಬೆಲೆ ಬಾಳುವುದು ಇಲ್ಲಿ. ಅಜ್ಜಿ ಹೇಳಿದ ಚಿನ್ನದ ನಾಣ್ಯ ಬಿಡಿ, ಅವಳು ತಪ್ಪಾಗಿ ಉಚ್ಚರಿಸಿದ ಹಳ್ಳಿಯ ಹೆಸರನ್ನು ಕೇಳಿಸಿದಂತೆಯೇ ಬರೆದಿಟ್ಟುಕೊಳ್ಳಿ.

ಬೆಂಗಳೂರಿನ ಕಂಟೋನ್ಮೆಂಟಿಗೂ ಐರಿಷ್ ಸಿಪಾಯಿಗಳು ಬಂದಿದ್ದರು. ಅವರ ಪೀಳಿಗೆಯ ಆಂಗ್ಲೋ ಇಂಡಿಯನ್ ಮನೆಯವರು ಡಬ್ಲಿನ್‌ನಿಂದ ಹುಡುಕಾಟ ಶುರು ಮಾಡಬೇಕಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯಿಂದ ಲಂಡನ್ನಿಗೆ ಹೋದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.