ಕ್ರಿಸ್‌ಮಸ್ ಗಿಡದ ಎಲೆ ಕಂದು ಬಣ್ಣಕ್ಕೆ ತಿರುಗಿದೆಯೇ? ಕಿತ್ತೆಸೆಯುವ ಮುನ್ನ ಇದನ್ನು ಗಮನಿಸಿ

ಡಿಸೆಂಬರ್‌ನಲ್ಲಿ ನರ್ಸರಿಯಿಂದ ತಂದ ಕ್ರಿಸ್‌ಮಸ್ ಗಿಡದ ಎಲೆಗಳು ಬೇಸಿಗೆ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿದರೆ ಕೆಲವರು ಗಿಡ ಸತ್ತಿತೆಂದು ಕಿತ್ತೆಸೆಯುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ. ಎರಡೂ ತಪ್ಪಾಗಬಹುದು. ಗಿಡದ ಯಾವ ಭಾಗ ಕಂದು ಬಣ್ಣಕ್ಕೆ ತಿರುಗಿದೆ ಎಂಬುದನ್ನು ಮೊದಲು ನೋಡಬೇಕು.

ನಿತ್ಯಹರಿದ್ವರ್ಣವಾದರೂ ಎಲೆ ಉದುರುತ್ತದೆ

ನಿತ್ಯಹರಿದ್ವರ್ಣ ಮರ ಎಂದರೆ ಎಲೆಯೇ ಉದುರದ ಮರ ಎಂದಲ್ಲ. ಎಲ್ಲ ಎಲೆಗಳೂ ಒಮ್ಮೆಲೇ ಉದುರಿ ಮರ ಬೋಳಾಗುವುದಿಲ್ಲ, ಅಷ್ಟೇ. ಹಲವು ಪೈನ್ ಮರಗಳಲ್ಲಿ ಸೂಜಿಯಂಥ ಎಲೆಯ ಆಯಸ್ಸು 2ರಿಂದ 4 ವರ್ಷ. ಅಮೆರಿಕದ ಬ್ರಿಸಲ್‌ಕೋನ್ ಪೈನ್‌ನಲ್ಲಿ ಅದು 30 ವರ್ಷ ದಾಟುವುದೂ ಉಂಟು. ಬೇಸಿಗೆಯಲ್ಲಿ ಉತ್ತರಾಖಂಡಕ್ಕೆ ಹೋದವರು ಚೀಡ್ ಮರಗಳ ಕೆಳಗೆ ಕಂದು ಸೂಜಿಗಳ ದಪ್ಪ ಹಾಸನ್ನು ನೋಡಿರಬಹುದು. ಅಲ್ಲಿನವರು ಅದನ್ನು 'ಪಿರೂಲ್' ಎನ್ನುತ್ತಾರೆ. ಅವು ಆಯಸ್ಸು ಮುಗಿದ ಎಲೆಗಳು.

ಹಾಗಾಗಿ ಕೊಂಬೆಯ ಒಳಭಾಗದ, ಕಾಂಡದ ಸಮೀಪದ ಹಳೆಯ ಎಲೆಗಳಷ್ಟೇ ಕಂದಾಗಿ, ತುದಿ ಹಸಿರಾಗಿದ್ದರೆ ಚಿಂತೆ ಬೇಡ. ದೆಹಲಿಯಲ್ಲಿ ಮೋರ್‌ಪಂಖಿ ಎಂದು ಮಾರುವ ಥುಜಾ ಗಿಡಕ್ಕೂ ಈ ಮಾತು ಅನ್ವಯಿಸುತ್ತದೆ.

ತುದಿ ಒಣಗಿದರೆ ಎಚ್ಚರ

ಹೊಸ ಎಲೆ ಅಥವಾ ತುದಿಯೇ ಒಣಗುತ್ತಿದ್ದರೆ ಸಾಮಾನ್ಯವಾಗಿ ನೀರಿನ ಸಮಸ್ಯೆ ಇರುತ್ತದೆ. ಬೇರು ಹೀರುವುದಕ್ಕಿಂತ ಹೆಚ್ಚು ನೀರನ್ನು ಎಲೆ ಕಳೆದುಕೊಳ್ಳುತ್ತಿರುತ್ತದೆ. ಕೆನಡಾದಂಥ ದೇಶಗಳಲ್ಲಿ ಚಳಿಗೆ ಮಣ್ಣು ಹೆಪ್ಪುಗಟ್ಟಿದಾಗ ಹೀಗಾಗುತ್ತದೆ. ನಮ್ಮಲ್ಲಿ ಮೇ ತಿಂಗಳ ಬಿಸಿಲು, ಒಣಗಾಳಿ ಅದೇ ಕೆಲಸ ಮಾಡುತ್ತವೆ.

ನೀರು ಹೆಚ್ಚಾದರೂ ಇದೇ ಲಕ್ಷಣ ಕಾಣಿಸುತ್ತದೆ. ಕುಂಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಮಣ್ಣು ಒದ್ದೆಯಾಗಿದ್ದರೂ ಎಲೆ ಒಣಗುತ್ತದೆ.

ನಮ್ಮಲ್ಲಿ ಕ್ರಿಸ್‌ಮಸ್ ಗಿಡವೆಂದು ಹೆಚ್ಚಾಗಿ ಮಾರಾಟವಾಗುವ ಅರೌಕೇರಿಯಾ ದಕ್ಷಿಣ ಪೆಸಿಫಿಕ್ ದ್ವೀಪಗಳ ಮೂಲದ್ದು. ಅದಕ್ಕೆ ಬೆಳಕು, ತೇವದ ಗಾಳಿ ಬೇಕು. ಎಸಿ ಕೋಣೆಯ ಮೂಲೆಯಲ್ಲಿಟ್ಟರೆ ಕೆಳಗಿನ ಕೊಂಬೆಗಳು ಒಣಗಿ ಬೀಳುತ್ತವೆ. ಆ ಜಾಗದಲ್ಲಿ ಮತ್ತೆ ಕೊಂಬೆ ಬರುವುದಿಲ್ಲ.

ಏನು ಮಾಡಬೇಕು?

* ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು ಹಾಕಿ. ಕುಂಡದ ತಳದ ತೂತು ಮುಚ್ಚಿಲ್ಲವೇ ಎಂದೂ ಪರೀಕ್ಷಿಸಿ.
* ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಸಣ್ಣ ಚುಕ್ಕೆಗಳು ಹರಿದಾಡಿದರೆ ಅದು ನುಸಿ ಕಾಟ. ಎಲೆಗಳ ಮೇಲೆ ರಭಸವಾಗಿ ನೀರು ಹಾಯಿಸಿ ತೊಳೆಯಿರಿ.
* ಉಗುರಿನಿಂದ ಕೊಂಬೆಯ ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಕೊಂಬೆಗೆ ಜೀವವಿದೆ.

ಒಮ್ಮೆ ಪೂರ್ತಿ ಕಂದಾದ ಎಲೆ ಮತ್ತೆ ಹಸಿರಾಗದು. ಗಿಡ ಚೇತರಿಸಿಕೊಳ್ಳುತ್ತಿದೆಯೇ ಎಂಬುದು ತುದಿಯ ಹೊಸ ಚಿಗುರಿನಿಂದ ತಿಳಿಯುತ್ತದೆ. ಅದಕ್ಕೆ ಕೆಲವು ವಾರ ಕಾಯಬೇಕು.