ಬಾಗಿಲು ತೆರೆದವನ ಹೊಣೆ

ಮರಿಕಲ್ಲಿನ ಸುತ್ತಣ ಹಳ್ಳಿಗಳ ಮಕ್ಕಳಿಗೆ ಸೈಕಲ್ಲೆಂಬುದು ಕೇವಲ ವಾಹನವಲ್ಲ, ಅವರ ವಿದ್ಯೆಯ ದಾರಿ. ಅದೇ ದಾರಿಯ ಬದಿಯಲ್ಲಿ, ಹಿಂದೆ ಕಾವಲುಗಾರನು ನಿಲ್ಲುತ್ತಿದ್ದಂಥ ಕಡೆಗಳಲ್ಲಿ, ವಿದ್ಯುತ್ತಿನಿಂದ ತಾನಾಗಿ ತೆರೆದು ತಾನಾಗಿ ಮುಚ್ಚುವ ಗೇಟುಗಳು ಈಗ ಕಾಣಿಸಿಕೊಳ್ಳತೊಡಗಿವೆ. ಇಂಥ ಗೇಟಿನಿಂದ ಸೈಕಲ್ ಸವಾರನಿಗೆ ಪೆಟ್ಟಾದರೆ ಹೊಣೆ ಯಾರದು? ಈ ಪ್ರಶ್ನೆಯನ್ನು ತಂದೆತಾಯಿಗಳೆಲ್ಲರೂ ವಿಚಾರಿಸತಕ್ಕದ್ದಾಗಿದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಹನ್ನೆರಡು ವರ್ಷದ ಬಾಲಕನೊಬ್ಬನು ತಂದೆಗೆ ಬುತ್ತಿ ಕೊಡಲೆಂದು ಸೈಕಲ್ಲೇರಿ ಗಿರಣಿಗೆ ಹೋಗುತ್ತಾನೆ. ಮುಂದೆ ಹೋದ ಲಾರಿಗಾಗಿ ಗೇಟು ತೆರೆದಿದೆ. ಬಾಲಕನು ನಡುವೆ ಬರುವಷ್ಟರಲ್ಲಿ ಅದು ಮುಚ್ಚಿಕೊಂಡು ಅವನ ಕೈ ಮುರಿಯುತ್ತದೆ. ಮಾಲೀಕನು, “ಗೇಟನ್ನು ಯಾರೂ ಮುಚ್ಚಲಿಲ್ಲ, ಅದು ತಾನಾಗಿ ಮುಚ್ಚಿತು” ಎನ್ನುತ್ತಾನೆ. ಈ ಉತ್ತರವು ನ್ಯಾಯಾಲಯದಲ್ಲಿ ನಿಲ್ಲುವುದೆ?

ಅಲಕ್ಷ್ಯದ ದಾವೆಯಲ್ಲಿ ವಾದಿಯು ಮೂರು ಸಂಗತಿಗಳನ್ನು ತೋರಿಸಬೇಕು. ಪ್ರತಿವಾದಿಗೆ ಎಚ್ಚರಿಕೆಯಿಂದಿರುವ ಕರ್ತವ್ಯವಿತ್ತು; ಆ ಕರ್ತವ್ಯಕ್ಕೆ ಅವನು ತಪ್ಪಿದನು; ಆ ತಪ್ಪಿನಿಂದಲೇ ಹಾನಿಯಾಯಿತು. ಯಂತ್ರಕ್ಕೆ ಕರ್ತವ್ಯವಿಲ್ಲವೆಂಬುದು ನಿಜ. ಆದರೆ ಯಂತ್ರವನ್ನು ನಿಲ್ಲಿಸಿದವನಿಗೆ, ಪರೀಕ್ಷಿಸತಕ್ಕವನಿಗೆ, ಅದರಿಂದ ಲಾಭ ಪಡೆಯುವವನಿಗೆ ಕರ್ತವ್ಯವುಂಟು. ದಾವೆಯು ಕೇಳುವುದು ಗೇಟನ್ನಲ್ಲ, ಅವರನ್ನು.

ತೆರೆದ ಗೇಟಿಗೂ ಒಂದು ಮಾತುಂಟೆಂಬುದನ್ನು ಇಂಗ್ಲೆಂಡಿನ ನ್ಯಾಯಾಧೀಶರು ಬಹು ಹಿಂದೆಯೇ ಕಂಡುಕೊಂಡರು. ರೈಲು ಹಳಿ ದಾಟುವೆಡೆಯಲ್ಲಿ ಮುಚ್ಚಿರಬೇಕಾಗಿದ್ದ ಗೇಟುಗಳು ತೆರೆದಿದ್ದವು. ಒಂದು ರೈಲು ಹಾದುಹೋದುದನ್ನು ನೋಡಿ ಬಾಲಕನೊಬ್ಬನು ಒಳಹೊಕ್ಕನು. ಮತ್ತೊಂದು ರೈಲು ಅವನಿಗೆ ಬಡಿಯಿತು. 1874ರಲ್ಲಿ ವಾನ್‌ಲೆಸ್ ಪ್ರಕರಣವೆಂದು ಪ್ರಸಿದ್ಧವಾದ ಈ ವ್ಯಾಜ್ಯವು ಹೌಸ್ ಆಫ್ ಲಾರ್ಡ್ಸಿನ ಮುಂದೆ ಬಂದಾಗ, ಗೇಟು ತೆರೆದಿಡುವುದೆಂದರೆ ದಾರಿ ನಿರಪಾಯವೆಂದು ಜನರಿಗೆ ತಿಳಿಸಿದಂತೆಯೇ ಎಂಬ ತತ್ತ್ವವು ಅಂಗೀಕೃತವಾಯಿತು. ನಮ್ಮ ಕಾಲದ ಸ್ವಯಂಚಾಲಿತ ಗೇಟು ಕೂಡ ತೆರೆದಾಗ “ಬಾ” ಎನ್ನುತ್ತದೆ; ಬಂದವನು ದಾಟುವವರೆಗೆ ಆ ಮಾತನ್ನು ಉಳಿಸಿಕೊಳ್ಳುವಂತೆ ಅದನ್ನು ಅಳವಡಿಸಬೇಕು.

ಇದು ಅಸಾಧ್ಯವಾದ ಕೆಲಸವೇನೂ ಅಲ್ಲ. ಗೇಟಿನ ಎರಡು ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಕಿರಣವೊಂದನ್ನು ಹಾಯಿಸುವರು; ಅದಕ್ಕೆ ಅಡ್ಡ ಬಂದರೆ ಗೇಟು ನಿಲ್ಲಬೇಕು. ಅಂಚಿಗೆ ಕೂಡಿಸಿದ ರಬ್ಬರಿನ ಪಟ್ಟಿಗೆ ಏನಾದರೂ ತಗಲಿದರೆ ಅದು ಹಿಂದೆ ಸರಿಯಬೇಕು. ದೊಡ್ಡ ಗಾಡಿಗಳನ್ನಷ್ಟೇ ನೆನೆದು ಒಂದೇ ಕಿರಣವನ್ನು ಹಾಯಿಸಿದರೆ, ಸೈಕಲ್ಲಿನ ಚೌಕಟ್ಟಿನ ಸಂದಿನಲ್ಲಿ ಅದು ತಡೆಯಿಲ್ಲದೆ ಹಾದುಹೋಗಿ, ಸವಾರನಿರುವುದೇ ಗೇಟಿಗೆ ತಿಳಿಯದಿರಬಹುದು. ಸೈಕಲ್ಲುಗಳು ದಿನವೂ ಓಡಾಡುವ ಸ್ಥಳದಲ್ಲಿ ಇದನ್ನು ಮುಂಗಾಣದಿರುವುದೇ ಅಲಕ್ಷ್ಯ. 2010ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್ ಮತ್ತು ಬ್ರಿಜೆಂಡ್ ಎಂಬ ಊರುಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಪುಟ್ಟ ಬಾಲಕಿಯರು ಇಂಥ ಗೇಟುಗಳಿಗೆ ಸಿಲುಕಿ ಪ್ರಾಣ ಕಳೆದುಕೊಂಡರು. ಬ್ರಿಜೆಂಡಿನ ಪ್ರಕರಣದಲ್ಲಿ ಗೇಟನ್ನು ಅಳವಡಿಸಿದ ಸಂಸ್ಥೆಗೂ ಅದರ ಪಾಲನೆಯನ್ನು ವಹಿಸಿಕೊಂಡ ಸಂಸ್ಥೆಗೂ ನ್ಯಾಯಾಲಯವು ದಂಡ ವಿಧಿಸಿತು.

“ಹುಡುಗನೇ ಅವಸರ ಮಾಡಿದನು” ಎಂಬ ಪ್ರತಿವಾದವೂ ಬರುವುದು ಸಹಜ. ಪೆಟ್ಟು ತಿಂದವನ ತಪ್ಪೂ ಸೇರಿದ್ದರೆ ನ್ಯಾಯಾಲಯವು ಪರಿಹಾರವನ್ನು ಆ ಪ್ರಮಾಣದಲ್ಲಿ ತಗ್ಗಿಸಬಹುದು. ಆದರೆ ಬಾಲಕನಿಂದ ಪ್ರೌಢನ ವಿವೇಕವನ್ನು ಕಾನೂನು ನಿರೀಕ್ಷಿಸುವುದಿಲ್ಲ.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಸೈಕಲ್ ಸವಾರನೊಬ್ಬನ ವಿಷಯದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ನೆನೆಯಬೇಕು. ಮಧ್ಯಪ್ರದೇಶದಲ್ಲಿ 1997ರ ಆಗಸ್ಟ್ 23ರ ರಾತ್ರಿ ಕಾರ್ಖಾನೆಯಿಂದ ಮನೆಗೆ ಮರಳುತ್ತಿದ್ದ ಕಾರ್ಮಿಕನೊಬ್ಬನು ಮಳೆನೀರಿನಲ್ಲಿ ಬಿದ್ದಿದ್ದ ವಿದ್ಯುತ್ ತಂತಿಯ ಮೇಲೆ ಸೈಕಲ್ ಹಾಯಿಸಿ ಮೃತನಾದನು. ಬೇರೊಬ್ಬನು ವಿದ್ಯುತ್ತನ್ನು ಕದ್ದುದೇ ಇದಕ್ಕೆ ಕಾರಣವೆಂದು ವಿದ್ಯುತ್ ಮಂಡಳಿಯು ವಾದಿಸಿತು. ಅಪಾಯಕರವಾದ ವಸ್ತುವನ್ನು ನಡೆಸುವವನು ಈ ನೆಪದಿಂದ ಪಾರಾಗಲಾರನೆಂದು ಹೇಳಿದ ನ್ಯಾಯಾಲಯವು, ಉಚ್ಚ ನ್ಯಾಯಾಲಯವು ಗೊತ್ತುಪಡಿಸಿದ್ದ 4.34 ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ವಿದ್ಯುತ್ತಿಗೆ ಅನ್ವಯಿಸಿದ ಈ ಕಠಿಣ ಹೊಣೆ ಎಲ್ಲ ಗೇಟುಗಳಿಗೂ ತಾನಾಗಿ ಅನ್ವಯಿಸದು. ಗೇಟಿನ ದಾವೆಯಲ್ಲಿ ಅಲಕ್ಷ್ಯವನ್ನು ರುಜುವಾತುಪಡಿಸಲೇಬೇಕಾಗುವುದು.

ಆದುದರಿಂದ ಪುರಾವೆಯನ್ನು ಕಾಪಾಡಿಕೊಳ್ಳುವುದು ಮುಖ್ಯ. ಗೇಟನ್ನು ದುರಸ್ತಿ ಮಾಡುವ ಮೊದಲೇ ಅದರ ಚಿತ್ರ ತೆಗೆಯಬೇಕು. ಕಂಡವರ ಹೆಸರು ಬರೆದುಕೊಳ್ಳಬೇಕು. ವೈದ್ಯರ ಚೀಟಿಗಳನ್ನು ಜೋಪಾನ ಮಾಡಬೇಕು. ಮುರಿದ ಸೈಕಲ್ಲನ್ನು ಗುಜರಿಗೆ ಹಾಕಬಾರದು. ಅಪ್ರಾಪ್ತ ವಯಸ್ಕನ ಪರವಾಗಿ ಹಿರಿಯರು ದಾವೆ ಹೂಡಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಿ ಕೂಡಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಮಕ್ಕಳಿಗೂ ಸ್ತ್ರೀಯರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ವರಮಾನವೆಷ್ಟೆಂದು ನೋಡದೆ ಉಚಿತ ಕಾನೂನು ನೆರವು ದೊರೆಯುತ್ತದೆ.

ಆದರೂ ಎಷ್ಟು ಪರಿಹಾರ ದೊರೆತರೂ ಮುರಿದ ಕೈ ಮೊದಲಿನಂತಾಗದಿರಬಹುದು. ಗೇಟು ನಿಲ್ಲಿಸುವವರು ಕಾವಲುಗಾರನ ಸಂಬಳವನ್ನು ಉಳಿಸಬಹುದು. ಅವನ ಕಣ್ಣಿನ ಕೆಲಸವನ್ನು ಉಳಿಸುವಂತಿಲ್ಲ. ಯಾವ ಗೇಟಾದರೂ ಸರಿ, ಅದರಲ್ಲಿ ಮೊದಲು ಒಂದು ಸೈಕಲ್ಲನ್ನು ಮೆಲ್ಲನೆ ನಡೆಸಿ ಪರೀಕ್ಷಿಸಿದ ಬಳಿಕವೇ ಮಕ್ಕಳನ್ನು ಅತ್ತ ಬಿಡುವುದು ಹಿರಿಯರಾದ ನಮ್ಮೆಲ್ಲರ ಕರ್ತವ್ಯ.