ಗ್ಲುಟಾಥಯೋನ್: ಜೀವಕೋಶದ ಗಂಧಕರಕ್ಷೆ

ಪ್ರಾಣವಾಯುವೆಂದು ನಾವು ಕೊಂಡಾಡುವ ಆಮ್ಲಜನಕವು ಜೀವವನ್ನು ಪೋಷಿಸುವಂತೆಯೇ, ಉಸಿರಾಟದ ಕಾಲದಲ್ಲಿ ತನ್ನಿಂದಲೇ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ಉಗ್ರ ವಸ್ತುಗಳ ಮೂಲಕ ಜೀವಕೋಶವನ್ನು ಜರ್ಜರಿತಗೊಳಿಸಲೂ ಸಮರ್ಥವಾದುದರಿಂದ, ಪ್ರಾಣಿಗಳೂ ಸಸ್ಯಗಳೂ ತಮ್ಮೊಳಗೇ ಒಂದು ರಕ್ಷಣೋಪಾಯವನ್ನು ಸಿದ್ಧಪಡಿಸಿಕೊಂಡಿವೆ. ಆ ಉಪಾಯದ ಪ್ರಧಾನ ಅಂಗವೇ ಗಂಧಕಯುಕ್ತವಾದ ಗ್ಲುಟಾಥಯೋನ್.

1888ರಲ್ಲಿ ಫ್ರಾನ್ಸಿನ ರೇ-ಪೈಯಾಡರು ಯೀಸ್ಟಿನ ಸಾರಕ್ಕೆ ಗಂಧಕವನ್ನು ಬೆರೆಸಿದಾಗ, ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೋಜನ್ ಸಲ್ಫೈಡ್ ಅನಿಲವು ಹೊಮ್ಮುವುದನ್ನು ಕಂಡು ಈ ದ್ರವ್ಯದ ಇರವನ್ನು ಊಹಿಸಿದರು. 1921ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸರು ಅದನ್ನು ಬೇರ್ಪಡಿಸಿ ಇಂದಿನ ಹೆಸರನ್ನಿತ್ತರು. ಎರಡೇ ಅಮೈನೋ ಆಮ್ಲಗಳಿಂದಾದುದೆಂದು ಮೊದಲು ಬಗೆದಿದ್ದ ಅವರೇ, ಅದರಲ್ಲಿ ಗ್ಲುಟಾಮಿಕ್ ಆಮ್ಲ, ಸಿಸ್ಟೀನ್, ಗ್ಲೈಸೀನ್ ಎಂಬ ಮೂರು ಅಡಗಿವೆಯೆಂದು 1929ರಲ್ಲಿ ಪ್ರಕಟಿಸಿದರು.

ಈ ಮೂರರಲ್ಲಿ ಸಿಸ್ಟೀನಿನ ಗಂಧಕವೇ ಕಾರ್ಯಧುರಂಧರ. ತಾನು ಹೊತ್ತ ಜಲಜನಕವನ್ನು ದಾನಮಾಡಿ ಪೆರಾಕ್ಸೈಡನ್ನು ನಿರಪಾಯಕರವಾದ ನೀರಾಗಿಸುವ ಈ ಕಾರ್ಯದಲ್ಲಿ ಎರಡು ಗ್ಲುಟಾಥಯೋನ್ ಅಣುಗಳು ಗಂಧಕಕ್ಕೆ ಗಂಧಕ ಬೆಸೆದು ಒಂದಾಗುತ್ತವೆ. ಆ ಬೆಸುಗೆಯನ್ನು ಕಿಣ್ವವೊಂದು ಬಿಡಿಸಿದೊಡನೆ ಎರಡೂ ಪುನಃ ಸೇವೆಗೆ ಸನ್ನದ್ಧವಾಗುತ್ತವೆ. ಹೀಗೆ ವ್ಯಯವಾದುದನ್ನೇ ನವೀಕರಿಸಿಕೊಳ್ಳುವ ಈ ಮಿತವ್ಯಯದಲ್ಲಿ ಪ್ರಕೃತಿಯ ವಿವೇಕವು ಎದ್ದು ಕಾಣುತ್ತದೆ.

ಆದರೆ ಈ ರಕ್ಷೆ ಅಪರಿಮಿತವಲ್ಲ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆಯ ಅಲ್ಪಾಂಶವು ಯಕೃತ್ತಿನಲ್ಲಿ ವಿಷವಾಗಿ ಮಾರ್ಪಟ್ಟರೂ, ಗ್ಲುಟಾಥಯೋನ್ ಅದನ್ನು ಹಿಡಿದು ಮೂತ್ರದೊಡನೆ ಹೊರಹೋಗುವಂತೆ ಮಾಡುತ್ತದೆ. ಮಾತ್ರೆಯ ಪ್ರಮಾಣ ಮಿತಿಮೀರಿದಾಗಲಾದರೋ, ಯಕೃತ್ತಿನ ಸಂಗ್ರಹವೆಲ್ಲ ಬರಿದಾಗಿ, ತಡೆಯಿಲ್ಲದ ವಿಷವು ಕೋಶಗಳ ಪ್ರೋಟೀನುಗಳಿಗೇ ಅಂಟಿಕೊಂಡು ಆ ಕೋಶಗಳನ್ನು ಕೊಲ್ಲತೊಡಗುತ್ತದೆ. ಅಷ್ಟಾದರೂ ಮೊದಲ ದಿನ ರೋಗಿಯಲ್ಲಿ ಗಣನೀಯ ಲಕ್ಷಣಗಳು ತೋರದಿರಬಹುದೆಂಬುದೇ ಇಲ್ಲಿನ ಭೀಕರತೆ. ಇದಕ್ಕೆ ವೈದ್ಯರು ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು, ಸಿಸ್ಟೀನನ್ನು ಒದಗಿಸಿ ಬರಿದಾದ ಭಂಡಾರವನ್ನು ಮತ್ತೆ ತುಂಬುತ್ತದೆ. ಮಾತ್ರೆ ನುಂಗಿದ ಎಂಟು ಗಂಟೆಗಳೊಳಗೆ ಈ ಮದ್ದು ದೊರೆತರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆ. ತಡವಾದಷ್ಟೂ ಅಪಾಯ ಹೆಚ್ಚು.

ನೆಗಡಿ, ಮೈಕೈನೋವುಗಳ ಅನೇಕ ಮಿಶ್ರ ಔಷಧಗಳಲ್ಲಿಯೂ ಪ್ಯಾರಸಿಟಮಾಲ್ ಬೆರೆತಿರುತ್ತದೆ. ಆದುದರಿಂದ ಜ್ವರದ ಮಾತ್ರೆಯೊಡನೆ ಅಂಥದೊಂದನ್ನು ಸೇವಿಸುವ ಮುನ್ನ ಅದರ ಚೀಟಿಯನ್ನು ಓದಬೇಕು. ಮಿತಿಮೀರಿ ಸೇವಿಸಿದ ಶಂಕೆಯಿದ್ದರೆ, ಲಕ್ಷಣಗಳು ಕಾಣಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.